ಹಿಗ್ಗಿ ಕುಗ್ಗುವ ಆಲೇಖಗಳು: ಸಂವಾದಿ ಆಲೇಖ ತಂತ್ರಾಂಶಗಳ ಒಂದು ವಿಮರ್ಶೆ

ಅಂಕಿ ಅಂಶಗಳನ್ನು ಆಲೇಖಗಳಾಗಿ ತೋರಿಸುವ ಉತ್ತಮ ತಂತ್ರಾಂಶಗಳು ಇಂದು ಉಚಿತವಾಗಿ ದೊರೆಯುತ್ತವೆ. ಪೈಥಾನ್ ಭಾಷೆಯ ಮ್ಯಾಟ್‌ಪ್ಲಾಟ್‌ಲಿಬ್, ಆರ್ ಭಾಷೆಯ ಲ್ಯಾಟಿಸ್ ಮತ್ತು ಜಿಜಿಪ್ಲಾಟ್2, ಬ್ರೌಸರ್‌ನಲ್ಲಿ ತೆರೆದುಕೊಳ್ಳುವ ಪ್ಲಾಟ್ಲಿ ಮತ್ತು ಬೊಕೆ ಇವುಗಳಲ್ಲಿ ಮುಖ್ಯವಾದವು. ಈ ಪೈಕಿ ಬ್ರೌಸರ್‌ನಲ್ಲಿ ಕೆಲಸ ಮಾಡುವವು ಸಂವಾದಿ ಆಲೇಖಗಳನ್ನು ಕೊಡುತ್ತವೆ. ಬಿಂದುವಿನ ಮೇಲೆ ಮೌಸ್ ಇಟ್ಟರೆ ಅದರ ಬೆಲೆ ಕಾಣುತ್ತದೆ. ಬೇಕಾದ ಭಾಗವನ್ನು ಎಳೆದು ಹಿಗ್ಗಿಸಬಹುದು. ಬೇಡವಾದ ಗೆರೆಯನ್ನು ಮರೆಮಾಡಬಹುದು. ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ದಿನಪತ್ರಿಕೆಯ ಜಾಲತಾಣದವರೆಗೆ ಇವು ಹರಡಿವೆ.

ಇಂಥ ಆಲೇಖ ವಿಜೆಟ್‌ಗಳ ಎರಡು ಗುಣಗಳನ್ನು ವಿಶೇಷವಾಗಿ ಹೊಗಳಲಾಗುತ್ತದೆ. ಒಂದು, ಪರದೆ ಎಷ್ಟೇ ದೊಡ್ಡದಿರಲಿ ಚಿಕ್ಕದಿರಲಿ, ಆಲೇಖ ತಾನಾಗಿ ಅದಕ್ಕೆ ಹೊಂದಿಕೊಳ್ಳುತ್ತದೆ. ಎರಡು, ಹಲವು ದತ್ತಾಂಶಗಳನ್ನು ಒಂದರ ಮೇಲೊಂದು ಹೊದಿಸಿ ಹೋಲಿಸಬಹುದು. ಇವೇ ಎರಡು ಗುಣಗಳು ಆಲೇಖ ಹೇಳುವ ಮಾತನ್ನು ಹೇಗೆ ಬದಲಿಸಿಬಿಡುತ್ತವೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಹಿಂದೆ ವಿಜ್ಞಾನಿ ಯೋಚಿಸಿ ತೆಗೆದುಕೊಳ್ಳುತ್ತಿದ್ದ ಒಂದು ತೀರ್ಮಾನವನ್ನು ಈಗ ಬ್ರೌಸರ್‌ನ ಕಿಟಕಿ ತೆಗೆದುಕೊಳ್ಳುತ್ತಿದೆ ಎಂಬುದು ನನ್ನ ಮುಖ್ಯ ಆಕ್ಷೇಪ.

ಆಕಾರವೂ ಮಾಹಿತಿಯೇ

ಗ್ರಾಫ್ ಹಾಳೆಯಲ್ಲಿ ಆಲೇಖ ಎಳೆಯುವ ವಿದ್ಯಾರ್ಥಿ ಮೊದಲು ಮಾಡುವ ಕೆಲಸ ಪ್ರಮಾಣವನ್ನು ಆರಿಸುವುದು. ಅಡ್ಡ ಅಕ್ಷದಲ್ಲಿ 1 ಸೆಂ.ಮೀ.ಗೆ ಎಷ್ಟು, ಲಂಬ ಅಕ್ಷದಲ್ಲಿ 1 ಸೆಂ.ಮೀ.ಗೆ ಎಷ್ಟು ಎಂದು ತೀರ್ಮಾನಿಸಿ ಅದನ್ನು ಹಾಳೆಯ ಮೂಲೆಯಲ್ಲಿ ಬರೆಯುತ್ತಾನೆ. ಬರೆಯದಿದ್ದರೆ ಅಂಕ ಕಳೆಯುತ್ತೇವೆ. ಇದು ಬರಿಯ ಶಿಸ್ತಿನ ಮಾತಲ್ಲ. ಆಲೇಖದಲ್ಲಿ ನಮ್ಮ ಕಣ್ಣು ಓದುವುದು ಬಹುಪಾಲು ಇಳಿಜಾರನ್ನು. ಇಳಿಜಾರು ಎಷ್ಟು ಕಡಿದಾಗಿ ಕಾಣುತ್ತದೆ ಎಂಬುದು ದತ್ತಾಂಶವನ್ನು ಮಾತ್ರವಲ್ಲ, ಎರಡು ಅಕ್ಷಗಳ ಉದ್ದಗಳ ಅನುಪಾತವನ್ನೂ ಅವಲಂಬಿಸಿರುತ್ತದೆ.

ಈ ವಿಷಯವನ್ನು ಪ್ರಯೋಗಗಳ ಮೂಲಕ ಅಧ್ಯಯನ ಮಾಡಿದವರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಕ್ಲೀವ್‌ಲೆಂಡ್ ಪ್ರಮುಖರು. 1988ರಲ್ಲಿ ಅವರು ಇಬ್ಬರು ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಪ್ರಬಂಧದ ಸಾರ ಇಷ್ಟು: ಎರಡು ಇಳಿಜಾರುಗಳ ನಡುವಣ ವ್ಯತ್ಯಾಸವನ್ನು ಕಣ್ಣು ಚೆನ್ನಾಗಿ ಗುರುತಿಸಬೇಕಾದರೆ ಅವು 45 ಡಿಗ್ರಿಯ ಆಸುಪಾಸಿನಲ್ಲಿರಬೇಕು, ಆದ್ದರಿಂದ ಆಲೇಖದ ಎತ್ತರ ಮತ್ತು ಅಗಲಗಳ ಅನುಪಾತವನ್ನು ಹಾಗೆ ಹೊಂದಿಸಬೇಕು. 45 ಡಿಗ್ರಿಯೇ ಎಲ್ಲ ಸಂದರ್ಭಗಳಲ್ಲಿ ಅತ್ಯುತ್ತಮವಲ್ಲ, ಇನ್ನೂ ಚಪ್ಪಟೆಯಾದ ಆಲೇಖ ಮೇಲಾಗಬಹುದು ಎಂದು 2012ರಲ್ಲಿ ಜಸ್ಟಿನ್ ಟಾಲ್ಬಟ್ ಮತ್ತು ಸಂಗಡಿಗರು ತೋರಿಸಿದರು. ಈ ತಿದ್ದುಪಡಿಯ ನಂತರವೂ ಮೂಲ ಮಾತು ಉಳಿಯುತ್ತದೆ. ಇಳಿಜಾರುಗಳು 90 ಡಿಗ್ರಿಯ ಬಳಿ ಗುಂಪುಗೂಡಿದರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಸೌರಕಲೆಗಳ ಪರೀಕ್ಷೆ

ಕ್ಲೀವ್‌ಲೆಂಡ್ ಬಳಸಿದ ಉದಾಹರಣೆ ಭೌತವಿಜ್ಞಾನದ ನಮಗೆ ಪರಿಚಿತವಾದದ್ದೇ: ಸೌರಕಲೆಗಳ ಸಂಖ್ಯೆ. ಬೆಲ್ಜಿಯಂನ ರಾಯಲ್ ಅಬ್ಸರ್ವೇಟರಿ ಕಾಪಾಡಿಕೊಂಡು ಬಂದಿರುವ ಮಾಸಿಕ ಪಟ್ಟಿ 1749ರಿಂದ ದೊರೆಯುತ್ತದೆ. 2015ರಲ್ಲಿ ಇಡೀ ಪಟ್ಟಿಯನ್ನು ಪರಿಷ್ಕರಿಸಲಾಯಿತು. ಇಲ್ಲಿ ಕೊಟ್ಟಿರುವ ಸಂಖ್ಯೆಗಳು ಆ ಪರಿಷ್ಕೃತ ಪಟ್ಟಿಯವು. ಸೌರಚಕ್ರದ ಸರಾಸರಿ ಅವಧಿ ಸುಮಾರು 11 ವರ್ಷ. ಆದರೆ ಏರಿಕೆ ಮತ್ತು ಇಳಿಕೆ ಸಮನಾಗಿಲ್ಲ. ಪ್ರಬಲ ಚಕ್ರಗಳು ಬೇಗ ಏರಿ ನಿಧಾನವಾಗಿ ಇಳಿಯುತ್ತವೆ. ಚಕ್ರ ಪ್ರಬಲವಾದಷ್ಟೂ ಅದರ ಏರಿಕೆಯ ಅವಧಿ ಕಡಿಮೆ ಎಂಬುದನ್ನು 1935ರಲ್ಲಿ ಮ್ಯಾಕ್ಸ್ ವಾಲ್ಡ್‌ಮೇಯರ್ ಗುರುತಿಸಿದರು. ಸೂರ್ಯನ ಕಾಂತಕ್ಷೇತ್ರ ಹೇಗೆ ಹುಟ್ಟುತ್ತದೆ ಎಂದು ವಿವರಿಸಹೊರಟ ಯಾವ ಸಿದ್ಧಾಂತವೂ ಈ ಗುಣಕ್ಕೆ ಉತ್ತರ ಕೊಡಬೇಕಾಗುತ್ತದೆ.

19ನೇ ಚಕ್ರವನ್ನು ತೆಗೆದುಕೊಳ್ಳೋಣ. 1954ರ ಏಪ್ರಿಲ್‌ನಲ್ಲಿ ಕನಿಷ್ಠ, 1958ರ ಮಾರ್ಚ್‌ನಲ್ಲಿ ಗರಿಷ್ಠ, 1964ರ ಅಕ್ಟೋಬರ್‌ನಲ್ಲಿ ಮತ್ತೆ ಕನಿಷ್ಠ. ಏರಿಕೆಗೆ 47 ತಿಂಗಳು, ಇಳಿಕೆಗೆ 79 ತಿಂಗಳು. ಗರಿಷ್ಠದಲ್ಲಿ 13 ತಿಂಗಳ ಸರಾಸರಿ ಸಂಖ್ಯೆ 285. ಏರಿಕೆ ಸುಮಾರು 280, ಇಳಿಕೆ ಸುಮಾರು 270. ಇನ್ನು 1749ರಿಂದ 2024ರ ಅಂತ್ಯದವರೆಗಿನ 276 ವರ್ಷಗಳನ್ನು, ಅಂದರೆ 3312 ತಿಂಗಳನ್ನು, ಒಂದೇ ಆಲೇಖದಲ್ಲಿ ತೋರಿಸುತ್ತೇವೆ ಎಂದುಕೊಳ್ಳಿ. ಲಂಬ ಅಕ್ಷ 0ಯಿಂದ 300.

ಪ್ಲಾಟ್ಲಿಯಲ್ಲಿ ನಾವು ಏನನ್ನೂ ಹೇಳದಿದ್ದರೆ ಚಿತ್ರದ ಅಗಲ 700 ಪಿಕ್ಸೆಲ್, ಎತ್ತರ 450 ಪಿಕ್ಸೆಲ್. ಎಡಕ್ಕೂ ಬಲಕ್ಕೂ ಕೆಳಕ್ಕೂ ತಲಾ 80, ಮೇಲೆ 100 ಪಿಕ್ಸೆಲ್ ಅಂಚು. ಆಲೇಖಕ್ಕೆ ಉಳಿಯುವುದು 540 × 270. ಈ ಚೌಕಟ್ಟಿನಲ್ಲಿ 19ನೇ ಚಕ್ರದ ಏರಿಕೆಯ ಕೋನ ಸುಮಾರು 88.3 ಡಿಗ್ರಿ, ಇಳಿಕೆಯದು 87 ಡಿಗ್ರಿ. ವ್ಯತ್ಯಾಸ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು.

ಇದೇ ಆಲೇಖ 360 ಪಿಕ್ಸೆಲ್ ಅಗಲದ ಮೊಬೈಲ್ ಪರದೆಗೆ ತನ್ನನ್ನು ಹೊಂದಿಸಿಕೊಂಡಾಗ ಅಂಚುಗಳು ಕುಗ್ಗುವುದಿಲ್ಲ. ಅಗಲದಲ್ಲಿ 160 ಪಿಕ್ಸೆಲ್ ಅಂಚಿಗೇ ಹೋಗಿ ಆಲೇಖಕ್ಕೆ 200 ಪಿಕ್ಸೆಲ್ ಉಳಿಯುತ್ತದೆ. ಎತ್ತರ ಮೊದಲಿನಂತೆ 270. ಅಗಲವಾಗಿದ್ದ ಆಲೇಖ ಈಗ ಎತ್ತರವಾದದ್ದು. ಏರಿಕೆ 89.35 ಡಿಗ್ರಿ, ಇಳಿಕೆ 88.87 ಡಿಗ್ರಿ, ವ್ಯತ್ಯಾಸ ಅರ್ಧ ಡಿಗ್ರಿ. ಸೌರಚಕ್ರಗಳೆಲ್ಲ ಬಾಚಣಿಗೆಯ ಹಲ್ಲುಗಳಂತೆ ನೆಟ್ಟಗೆ ನಿಲ್ಲುತ್ತವೆ.

ಈಗ ದೊಡ್ಡ ಪರದೆಯಲ್ಲಿ 1500 ಪಿಕ್ಸೆಲ್ ಅಗಲ, 100 ಪಿಕ್ಸೆಲ್ ಎತ್ತರದ ಪಟ್ಟಿಯಾಗಿ ಎಳೆಯೋಣ. ಏರಿಕೆ 77 ಡಿಗ್ರಿ, ಇಳಿಕೆ 68 ಡಿಗ್ರಿ. ವ್ಯತ್ಯಾಸ 9 ಡಿಗ್ರಿ. ಎತ್ತರವನ್ನು 30 ಪಿಕ್ಸೆಲ್‌ಗೆ ಇಳಿಸಿದರೆ ಏರಿಕೆ 53, ಇಳಿಕೆ 37. ವ್ಯತ್ಯಾಸ 16 ಡಿಗ್ರಿ. ಬೇಗ ಏರಿ ನಿಧಾನವಾಗಿ ಇಳಿಯುವ ಗುಣ ಈಗ ಯಾರ ಕಣ್ಣಿಗಾದರೂ ಬೀಳುತ್ತದೆ. ದತ್ತಾಂಶ ಒಂದೇ, ಆದೇಶವೂ ಒಂದೇ. ಬದಲಾದದ್ದು ಚೌಕಟ್ಟು ಮಾತ್ರ.

ಇದರ ಪರಿಣಾಮ ತರಗತಿಯಲ್ಲಿ ನೇರವಾಗಿ ಕಾಣುತ್ತದೆ. ಅಧ್ಯಾಪಕರು ಅಗಲವಾದ ಪರದೆಯ ಮೇಲೆ ಆಲೇಖ ತೋರಿಸಿ "ಏರಿಕೆ ಬೇಗ, ಇಳಿಕೆ ನಿಧಾನ, ನೋಡಿ" ಎನ್ನುತ್ತಾರೆ. ವಿದ್ಯಾರ್ಥಿ ಮನೆಯಲ್ಲಿ ಅದೇ ಪುಟವನ್ನು ಮೊಬೈಲ್‌ನಲ್ಲಿ ತೆರೆದಾಗ ಅವನಿಗೆ ಆ ಗುಣ ಕಾಣಿಸುವುದಿಲ್ಲ. ಕಾಣದ್ದನ್ನು ಕಂಡಂತೆ ಬರೆದು ಅಂಕ ಪಡೆಯುವುದನ್ನು ಅವನು ಕಲಿಯುತ್ತಾನೆ. ವಿಜ್ಞಾನದ ಶಿಕ್ಷಣಕ್ಕೆ ಇದಕ್ಕಿಂತ ದೊಡ್ಡ ಹಾನಿ ಬೇರಿಲ್ಲ.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ಈ ವಿಜೆಟ್‌ಗಳು ಚಾಚೂ ತಪ್ಪದೆ ಪಾಲಿಸುತ್ತವೆ. ಕಾಲಿಗೆ ಅದು ಸರಿ. ಆಲೇಖಕ್ಕೆ ಹಾಸಿಗೆಯನ್ನೇ ಆರಿಸಿ ಕೊಡಬೇಕು.

ಕುಗ್ಗುವುದು ಯಾವುದು, ಕುಗ್ಗದಿರುವುದು ಯಾವುದು

ಗಾತ್ರ ಬದಲಾದಾಗ ಚಿತ್ರದ ಎಲ್ಲ ಭಾಗಗಳೂ ಒಂದೇ ಅನುಪಾತದಲ್ಲಿ ಬದಲಾಗುವುದಿಲ್ಲ ಎಂಬುದು ಗಮನಿಸಬೇಕಾದ ಇನ್ನೊಂದು ಅಂಶ. ಒಂದು ಛಾಯಾಚಿತ್ರವನ್ನು ಚಿಕ್ಕದು ಮಾಡಿದಂತೆ ಅಲ್ಲ ಇದು. ಅಕ್ಷಗಳ ಉದ್ದ ಕುಗ್ಗುತ್ತದೆ. ಅಕ್ಷರಗಳ ಗಾತ್ರ, ಅಂಚು, ಗೆರೆಯ ದಪ್ಪ, ಬಿಂದುವಿನ ವ್ಯಾಸ ಕುಗ್ಗುವುದಿಲ್ಲ. ಏಕೆಂದರೆ ಅಕ್ಷದ ಮೇಲಿನ ಸ್ಥಾನಗಳು ದತ್ತಾಂಶದ ಮಾನದಲ್ಲಿವೆ. ಬಿಂದು ಮತ್ತು ಅಕ್ಷರಗಳು ಪಿಕ್ಸೆಲ್ ಇಲ್ಲವೆ ಮುದ್ರಣದ ಪಾಯಿಂಟ್ ಮಾನದಲ್ಲಿವೆ.

ಅಕ್ಷರಗಳ ವಿಷಯದಲ್ಲಿ ಇದು ಸರಿಯಾದ ಕ್ರಮ. ಇಲ್ಲದಿದ್ದರೆ ಮೊಬೈಲ್‌ನಲ್ಲಿ ಓದಲಾಗುತ್ತಿರಲಿಲ್ಲ. ಬಿಂದುಗಳ ವಿಷಯದಲ್ಲಿ ತೊಂದರೆ ಆರಂಭವಾಗುತ್ತದೆ. ಪ್ಲಾಟ್ಲಿಯಲ್ಲಿ ಬಿಂದುವಿನ ಪೂರ್ವನಿಗದಿತ ವ್ಯಾಸ 6 ಪಿಕ್ಸೆಲ್. ಮೇಲಿನ ಮೊಬೈಲ್ ಆಲೇಖದಲ್ಲಿ ಒಂದು ಪಿಕ್ಸೆಲ್ ಎಂದರೆ ಹದಿನಾರೂವರೆ ತಿಂಗಳು. ಹೀಗಾಗಿ ಒಂದು ತಿಂಗಳನ್ನು ಸೂಚಿಸುವ ಬಿಂದು ಎಂಟು ವರ್ಷಗಳಷ್ಟು ಅಗಲವಾಗುತ್ತದೆ! ಇಡೀ ಸೌರಚಕ್ರಕ್ಕೆ ದೊರೆಯುವ ಜಾಗ 8 ಪಿಕ್ಸೆಲ್ ಮಾತ್ರ. ಬಿಂದುಗಳು ಒಂದನ್ನೊಂದು ಮುಚ್ಚಿ ದಪ್ಪನೆಯ ಪಟ್ಟಿಯಾಗುತ್ತವೆ. ಆ ಪಟ್ಟಿಯಲ್ಲಿ ಮೇಲೆ ಕಾಣುವುದು ಕೊನೆಯಲ್ಲಿ ಎಳೆದ ಬಿಂದು.

ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಸಮಸ್ಯೆ ಬೇರೊಂದು ರೂಪದಲ್ಲಿದೆ. ಅದು ಚಿತ್ರದ ಗಾತ್ರವನ್ನು ಅಂಗುಲಗಳಲ್ಲಿ ಲೆಕ್ಕವಿಡುತ್ತದೆ: ಪೂರ್ವನಿಗದಿತ ಗಾತ್ರ 6.4 × 4.8. ಮುದ್ರಣದ ದೃಷ್ಟಿಯಿಂದ ಇದು ಮೆಚ್ಚತಕ್ಕ ಕ್ರಮ. ಆದರೆ ಪರದೆಯ ಮೇಲಿನ ಕಿಟಕಿಯ ಮೂಲೆಯನ್ನು ಹಿಡಿದು ಎಳೆದರೆ ಆ ಅಂಗುಲದ ಲೆಕ್ಕವೂ ಬದಲಾಗುತ್ತದೆ. ಅನಂತರ ಚಿತ್ರವನ್ನು ಕಡತವಾಗಿ ಉಳಿಸಿದರೆ ಎಳೆದ ಆಕಾರವೇ ಉಳಿಯುತ್ತದೆ. ಒಂದೇ ಪ್ರೋಗ್ರಾಂ ಓಡಿಸಿದ ಇಬ್ಬರು ಸಂಶೋಧಕರು ಎರಡು ಆಕಾರದ ಚಿತ್ರಗಳನ್ನು ಪಡೆಯಬಹುದು, ಮತ್ತು ಇದು ಪ್ರೋಗ್ರಾಂನಲ್ಲಿ ಎಲ್ಲೂ ದಾಖಲಾಗಿರುವುದಿಲ್ಲ.

ಎರಡು ಅಕ್ಷಗಳೂ ಒಂದೇ ಮಾನದಲ್ಲಿರುವಾಗ ಈ ಎಳೆದಾಟ ಇನ್ನೂ ಅಪಾಯಕಾರಿ. ಬುಧಗ್ರಹದ ಕಕ್ಷೆಯ ಉತ್ಕೇಂದ್ರತೆ 0.206. ಎಂಟು ಗ್ರಹಗಳಲ್ಲಿ ಇದೇ ಅತಿ ಹೆಚ್ಚಿನದು. ಆದರೂ ಆ ದೀರ್ಘವೃತ್ತದ ಕಿರಿಯ ಅಕ್ಷ ಹಿರಿಯ ಅಕ್ಷಕ್ಕಿಂತ ಶೇಕಡ 2ರಷ್ಟು ಮಾತ್ರ ಚಿಕ್ಕದು. ಕಿಟಕಿ ಚೌಕವಲ್ಲದಿದ್ದರೆ ಪೂರ್ಣ ವೃತ್ತವೇ ಇದಕ್ಕಿಂತ ಹತ್ತು ಪಟ್ಟು ಚಪ್ಪಟೆಯಾಗಿ ಕಾಣಬಹುದು. ಇದಕ್ಕೆ ಪರಿಹಾರ ಎಲ್ಲ ತಂತ್ರಾಂಶಗಳಲ್ಲೂ ಇದೆ: ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಸಮಾನ ಅನುಪಾತದ ಆದೇಶ, ಪ್ಲಾಟ್ಲಿಯಲ್ಲಿ ಒಂದು ಅಕ್ಷದ ಪ್ರಮಾಣವನ್ನು ಇನ್ನೊಂದಕ್ಕೆ ಕಟ್ಟಿಹಾಕುವ ಆದೇಶ, ಬೊಕೆಯಲ್ಲಿಯೂ ಇಂಥದೇ. ಆದರೆ ಕೇಳಿದವರಿಗೆ ಮಾತ್ರ ಕೊಡುತ್ತವೆ.

ಎರಡು ಲಂಬ ಅಕ್ಷಗಳ ಮೇಲ್ಹೊದಿಕೆ

ಈಗ ಎರಡನೆಯ ಗುಣಕ್ಕೆ ಬರೋಣ. ಮೇಲ್ಹೊದಿಕೆಯಲ್ಲಿ ಎರಡು ಬಗೆಗಳಿವೆ, ಇವೆರಡನ್ನೂ ಒಂದೇ ಎಂದು ತಿಳಿಯಬಾರದು. ಒಂದೇ ಮಾನದ ಎರಡು ದತ್ತಾಂಶಗಳನ್ನು ಒಂದೇ ಅಕ್ಷದ ಮೇಲೆ ಇಡುವುದು ಮೊದಲನೆಯದು. 19ನೇ ಮತ್ತು 24ನೇ ಸೌರಚಕ್ರಗಳನ್ನು ಅವುಗಳ ಕನಿಷ್ಠದಿಂದ ತಿಂಗಳು ಎಣಿಸಿ ಒಂದರ ಮೇಲೊಂದು ಎಳೆದರೆ, ಪ್ರಬಲವಾದ 19ನೆಯದು 47 ತಿಂಗಳಲ್ಲಿ 285ಕ್ಕೆ ಏರುವುದೂ, ದುರ್ಬಲವಾದ 24ನೆಯದು 2008ರ ಡಿಸೆಂಬರ್‌ನಿಂದ 2014ರ ಏಪ್ರಿಲ್‌ವರೆಗೆ 64 ತಿಂಗಳು ತೆಗೆದುಕೊಂಡು 116ಕ್ಕೆ ನಿಲ್ಲುವುದೂ ಒಟ್ಟಿಗೇ ಕಾಣುತ್ತವೆ. ವಾಲ್ಡ್‌ಮೇಯರ್ ಹೇಳಿದ್ದು ಒಂದೇ ನೋಟಕ್ಕೆ ತಿಳಿಯುತ್ತದೆ. ಇದು ಮೇಲ್ಹೊದಿಕೆಯ ಸದುಪಯೋಗ.

ಎರಡನೆಯ ಬಗೆಯಲ್ಲಿ ಎಡಕ್ಕೊಂದು, ಬಲಕ್ಕೊಂದು ಲಂಬ ಅಕ್ಷವಿರುತ್ತದೆ. ಮಾನಗಳು ಬೇರೆ ಬೇರೆ. ಮ್ಯಾಟ್‌ಪ್ಲಾಟ್‌ಲಿಬ್ ಮತ್ತು ಪ್ಲಾಟ್ಲಿ ಇದನ್ನು ಒಂದೆರಡು ಸಾಲಿನ ಆದೇಶದಲ್ಲಿ ಮಾಡಿಕೊಡುತ್ತವೆ. ಇಲ್ಲಿ ಪ್ರತಿ ಅಕ್ಷದ ಆರಂಭವನ್ನೂ ಹಿಗ್ಗನ್ನೂ ಬೇರೆ ಬೇರೆಯಾಗಿ ಆರಿಸಬಹುದು. ಅಂದಮೇಲೆ ಇಳಿಜಾರಿರುವ ಯಾವುದೇ ಎರಡು ಸರಳ ರೇಖೆಗಳನ್ನು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಿಸಬಹುದು. ಒಂದು ಏರುತ್ತಿದ್ದು ಇನ್ನೊಂದು ಇಳಿಯುತ್ತಿದ್ದರೆ ಒಂದು ಅಕ್ಷವನ್ನು ತಲೆಕೆಳಗು ಮಾಡಿದರಾಯಿತು. ಗೆರೆಗಳು ಕೂಡಿದವು ಎಂಬುದರಿಂದ ಪ್ರಕೃತಿಯ ಬಗ್ಗೆ ನಮಗೆ ಏನೂ ತಿಳಿಯುವುದಿಲ್ಲ.

ವಿಜೆಟ್ ತಾನಾಗಿ ಪ್ರಮಾಣವನ್ನು ಆರಿಸಿದಾಗ ಸ್ಥಿತಿ ಇನ್ನೂ ಕೆಡುತ್ತದೆ. ಅದು ಪ್ರತಿ ದತ್ತಾಂಶದ ಕನಿಷ್ಠ ಗರಿಷ್ಠಗಳನ್ನು ನೋಡಿ ಅಕ್ಷದ ವ್ಯಾಪ್ತಿಯನ್ನು ನಿಗದಿಪಡಿಸುತ್ತದೆ. ಪರಿಣಾಮವಾಗಿ ಎರಡು ಗೆರೆಗಳೂ ಚೌಕಟ್ಟನ್ನು ಕೆಳಗಿಂದ ಮೇಲಿನವರೆಗೆ ತುಂಬುತ್ತವೆ. ಸೌರಕಲೆಗಳ ಸಂಖ್ಯೆಯೊಡನೆ ಉಪಗ್ರಹಗಳು 1978ರಿಂದ ಅಳೆಯುತ್ತಿರುವ ಸೌರವಿಕಿರಣವನ್ನು ಹೊದಿಸಿ ನೋಡಿ. ಸೌರವಿಕಿರಣ ಪ್ರತಿ ಚದರ ಮೀಟರಿಗೆ ಸುಮಾರು 1361 ವ್ಯಾಟ್. ಒಂದು ಚಕ್ರದಲ್ಲಿ ಅದರ ಏರಿಳಿತ ಶೇಕಡ 0.1ರಷ್ಟು. ಸೌರಕಲೆಗಳಾದರೋ ಹೆಚ್ಚುಕಡಿಮೆ ಸೊನ್ನೆಯಿಂದ ನೂರಾರಕ್ಕೆ ಏರುತ್ತವೆ. ಎರಡು ಅಕ್ಷಗಳ ಆಲೇಖದಲ್ಲಿ ಎರಡೂ ಒಂದೇ ಎತ್ತರಕ್ಕೆ ಏಳುತ್ತವೆ, ಒಂದೇ ಆಳಕ್ಕೆ ಬೀಳುತ್ತವೆ. ಅಕ್ಷದ ಅಂಕಿಗಳನ್ನು ಓದದ ವಿದ್ಯಾರ್ಥಿ, ಕಲೆಗಳಿಲ್ಲದ ವರ್ಷ ಸೂರ್ಯ ಮಂಕಾಗಿಬಿಡುತ್ತಾನೆ ಎಂದು ತೀರ್ಮಾನಿಸಿದರೆ ಅದು ಅವನ ತಪ್ಪಲ್ಲ.

ಇದು ತರಗತಿಯೊಳಗಿನ ಚಿಂತೆ ಮಾತ್ರವೂ ಅಲ್ಲ. 1991ರಲ್ಲಿ ಡೆನ್ಮಾರ್ಕಿನ ಐಗಿಲ್ ಫ್ರೀಸ್-ಕ್ರಿಸ್ಟೆನ್ಸೆನ್ ಮತ್ತು ಕ್ನುಡ್ ಲಾಸನ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಆಲೇಖ ಪ್ರಕಟಿಸಿದರು. ಸೌರಚಕ್ರದ ಅವಧಿ ಒಂದು ಅಕ್ಷದಲ್ಲಿ, ತಲೆಕೆಳಗಾಗಿ. ಉತ್ತರಾರ್ಧಗೋಳದ ಉಷ್ಣತೆ ಇನ್ನೊಂದು ಅಕ್ಷದಲ್ಲಿ. ಎರಡು ಗೆರೆಗಳು ಅದ್ಭುತವಾಗಿ ಕೂಡಿದ್ದವು. ಭೂಮಿ ಬಿಸಿಯಾಗುತ್ತಿರುವುದಕ್ಕೆ ಸೂರ್ಯನೇ ಕಾರಣ ಎನ್ನುವವರಿಗೆ ಆ ಚಿತ್ರ ವರ್ಷಗಳ ಕಾಲ ಆಧಾರವಾಯಿತು. ಸೌರಚಕ್ರದ ಗೆರೆಯ ಕೊನೆಯ ಬಿಂದುಗಳನ್ನು ಉಳಿದವುಗಳಂತೆ ಸರಾಸರಿಗೊಳಿಸಿರಲಿಲ್ಲ, ಕೊನೆಯ ಭಾಗದ ಹೊಂದಾಣಿಕೆ ಇದರಿಂದ ಬಂದದ್ದು ಎಂದು ಪೀಟರ್ ಲೌಟ್ 2003ರಲ್ಲಿಯೂ, ಪಾಲ್ ಡೇಮನ್ ಅವರೊಡನೆ 2004ರಲ್ಲಿಯೂ ತೋರಿಸಿದರು. ಲೆಕ್ಕದ ದೋಷ ಬೇರೆ, ಆಲೇಖದ ರೀತಿ ಬೇರೆ ಎಂಬುದು ನಿಜ. ಆದರೆ ಎರಡು ಗೆರೆಗಳು ಕೂಡಿದ ದೃಶ್ಯ ಕಣ್ಣಿಗೆ ತೃಪ್ತಿ ಕೊಟ್ಟ ಮೇಲೆ ಲೆಕ್ಕವನ್ನು ಮತ್ತೆ ನೋಡಬೇಕೆಂದು ಹೆಚ್ಚು ಜನರಿಗೆ ಅನ್ನಿಸುವುದಿಲ್ಲ. ಅಂಥ ಚಿತ್ರವನ್ನು ಅಂದು ಶ್ರಮವಹಿಸಿ ರಚಿಸಬೇಕಿತ್ತು. ಇಂದು ವಿಜೆಟ್ ಅದನ್ನು ಕೇಳದೆಯೇ ಹೊಂದಿಸಿಕೊಡುತ್ತದೆ.

ಈ ವಿಷಯದಲ್ಲಿ ಜಿಜಿಪ್ಲಾಟ್2ರ ಕರ್ತೃ ಹ್ಯಾಡ್ಲಿ ವಿಕ್ಹ್ಯಾಮ್ ತೆಗೆದುಕೊಂಡ ನಿಲುವು ಪ್ರಶಂಸಾರ್ಹ. ಎರಡನೆಯ ಅಕ್ಷದ ಸೌಲಭ್ಯ ಕೊಡಲು ಅವರು ಬಹುಕಾಲ ಒಪ್ಪಲಿಲ್ಲ. 2016ರಲ್ಲಿ ಅದು ಸೇರಿದಾಗಲೂ, ಮೊದಲ ಅಕ್ಷದಿಂದ ಒಂದು ಸೂತ್ರದ ಮೂಲಕ ಪಡೆಯಬಹುದಾದ ಅಕ್ಷವನ್ನು ಮಾತ್ರ ಅನುಮತಿಸಲಾಯಿತು. ಸೆಲ್ಸಿಯಸ್ ಎಡಕ್ಕೆ, ಫ್ಯಾರನ್‌ಹೀಟ್ ಬಲಕ್ಕೆ ಇರಬಹುದು. ಬೇರೆ ಪರಿಮಾಣವನ್ನು ಕೂರಿಸಬೇಕೆಂದರೆ ಪರಿವರ್ತನೆಯ ಸೂತ್ರವನ್ನು ಬಳಕೆದಾರನೇ ಬರೆಯಬೇಕು. ಹೀಗೆ ಬರೆಯುವಾಗ ತಾನು ಏನು ಮಾಡುತ್ತಿದ್ದೇನೆ ಎಂದು ಅವನಿಗೆ ತಿಳಿಯುತ್ತದೆ.

ಮರೆಮಾಡಿದರೆ ಬೆಳೆಯುವ ಗೆರೆ

ಸದುಪಯೋಗದ ಮೇಲ್ಹೊದಿಕೆಯನ್ನೂ ಸಂವಾದಿ ಗುಣ ಕೆಡಿಸಬಲ್ಲದು. 19 ಮತ್ತು 24ನೇ ಚಕ್ರಗಳ ಆಲೇಖವನ್ನು ಪ್ಲಾಟ್ಲಿಯಲ್ಲಿ ತೆರೆದು, ಸೂಚಿಯಲ್ಲಿ 19ನೆಯದರ ಹೆಸರನ್ನು ಒತ್ತಿದರೆ ಆ ಗೆರೆ ಮರೆಯಾಗುತ್ತದೆ. ಜೊತೆಗೆ ಲಂಬ ಅಕ್ಷ ಉಳಿದ ಗೆರೆಗೆ ತಕ್ಕಂತೆ ಬದಲಾಗುತ್ತದೆ. 300ರ ಬಳಿ ಇದ್ದ ಅಕ್ಷದ ತುದಿ 120ರ ಸಮೀಪಕ್ಕೆ ಇಳಿದು, ದುರ್ಬಲವಾದ 24ನೇ ಚಕ್ರ ಒಮ್ಮೆಲೇ ಬೆಳೆದು ಚೌಕಟ್ಟನ್ನು ತುಂಬುತ್ತದೆ. ಒಂದನ್ನು ಮರೆಮಾಡಿ ಇನ್ನೊಂದನ್ನು ನೋಡಿ ಹೋಲಿಸುವವನಿಗೆ ಎರಡೂ ಸಮಬಲದವು ಎನ್ನಿಸುತ್ತದೆ. ಅಕ್ಷದ ವ್ಯಾಪ್ತಿಯನ್ನು ಮೊದಲೇ ಅಂಕಿಯಲ್ಲಿ ಕೊಟ್ಟಿದ್ದರೆ ಈ ಜಿಗಿತ ಆಗುವುದಿಲ್ಲ.

ಹಿಸ್ಟೋಗ್ರಾಂಗಳ ಮೇಲ್ಹೊದಿಕೆಯಲ್ಲೂ ಇಂಥದೇ ತೊಡಕು. ಮ್ಯಾಟ್‌ಪ್ಲಾಟ್‌ಲಿಬ್ ಏನನ್ನೂ ಹೇಳದಿದ್ದರೆ ಪ್ರತಿ ದತ್ತಾಂಶವನ್ನು ಅದರದೇ ವ್ಯಾಪ್ತಿಯಲ್ಲಿ 10 ಭಾಗ ಮಾಡುತ್ತದೆ. ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಎರಡು ತಂಡಗಳು ತಲಾ 100 ಬಾರಿ ಅಳೆದಿವೆ ಎನ್ನೋಣ. ಒಂದರ ಅಳತೆಗಳು 9.6ರಿಂದ 10.0ವರೆಗೆ, ಇನ್ನೊಂದರವು 9.0ಯಿಂದ 10.5ವರೆಗೆ. ಮೊದಲನೆಯದರ ಭಾಗ 0.04 ಅಗಲ, ಎರಡನೆಯದರದು 0.15. ಎರಡರಲ್ಲೂ ಭಾಗಕ್ಕೆ ಸರಾಸರಿ 10 ಅಳತೆ ಬಿದ್ದು ಕಂಬಗಳ ಎತ್ತರ ಹತ್ತಿರ ಹತ್ತಿರ ಬರುತ್ತದೆ. ಒಂದೇ ಅಗಲದ ಭಾಗಗಳನ್ನು ಬಳಸಿದ್ದರೆ ನಿಖರವಾದ ತಂಡದ ಕಂಬಗಳು ಸರಾಸರಿ ಸುಮಾರು ನಾಲ್ಕು ಪಟ್ಟು ಎತ್ತರವಾಗಿ ನಿಲ್ಲಬೇಕಿತ್ತು. ಅರೆಪಾರದರ್ಶಕ ಬಣ್ಣ ಬಳಿದು ಹೊದಿಸಿದರೆ ಎರಡು ಬಣ್ಣ ಸೇರಿ ಮೂರನೆಯದೊಂದು ಹುಟ್ಟುತ್ತದೆ. ಅದನ್ನು ಮೂರನೆಯ ತಂಡವೆಂದು ಓದುವವರೂ ಇದ್ದಾರೆ.

ಪರಿಹಾರದ ದಾರಿ

ಪರದೆ ಚಿಕ್ಕದಾಗಿರುವುದು ತಪ್ಪಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಮೊಬೈಲೇ ಕಂಪ್ಯೂಟರ್. ಚಿಕ್ಕ ಪರದೆಯಲ್ಲೂ ಸರಿಯಾದ ಆಲೇಖ ಸಾಧ್ಯ. ಸೌರಕಲೆಗಳ 276 ವರ್ಷಗಳನ್ನು ಐದು ಸಮ ತುಂಡುಗಳಾಗಿ ಕತ್ತರಿಸಿ, 50 ಪಿಕ್ಸೆಲ್ ಎತ್ತರದ ಐದು ಪಟ್ಟಿಗಳನ್ನು ಒಂದರ ಕೆಳಗೊಂದು ಇಡೋಣ. ಅಗಲ ಅದೇ 200 ಪಿಕ್ಸೆಲ್. ಪಟ್ಟಿಗಳ ಒಟ್ಟು ಎತ್ತರ 250, ಮೊದಲಿನ 270ಕ್ಕಿಂತಲೂ ಕಡಿಮೆ. ಈಗ 19ನೇ ಚಕ್ರದ ಏರಿಕೆ 73 ಡಿಗ್ರಿ, ಇಳಿಕೆ 62 ಡಿಗ್ರಿ. ಅದೇ ಪರದೆಯಲ್ಲಿ ಅರ್ಧ ಡಿಗ್ರಿಯಷ್ಟಿದ್ದ ವ್ಯತ್ಯಾಸ 11 ಡಿಗ್ರಿಗೆ ಏರಿತು. ಪರದೆಗೆ ತಕ್ಕಂತೆ ಹೊಂದಿಕೊಳ್ಳುವುದು ಎಂದರೆ ಹೀಗೆ. ಆರ್ ಭಾಷೆಯಲ್ಲಿ ದೀಪಾಯನ್ ಸರ್ಕಾರ್ ರಚಿಸಿದ ಲ್ಯಾಟಿಸ್, ಇಳಿಜಾರುಗಳನ್ನು ನೋಡಿ ಆಕಾರವನ್ನು ಲೆಕ್ಕಹಾಕುವ ಸೌಲಭ್ಯವನ್ನು ಬಹು ಹಿಂದೆಯೇ ಕೊಟ್ಟಿದೆ. ಬ್ರೌಸರ್‌ನ ವಿಜೆಟ್‌ಗಳು ಇದನ್ನು ಕಲಿಯಬೇಕು.

ಅಲ್ಲಿಯವರೆಗೆ ಆಲೇಖ ರಚಿಸುವವರು ಈ ಕೆಳಗಿನ ನಿಯಮಗಳನ್ನು ಪಾಲಿಸಬಹುದು.

1. ಎತ್ತರ ಮತ್ತು ಅಗಲಗಳ ಅನುಪಾತವನ್ನು ನೀವೇ ನಿಗದಿಪಡಿಸಿ, ಪ್ರೋಗ್ರಾಂನಲ್ಲಿ ಬರೆದಿಡಿ. ಗ್ರಾಫ್ ಹಾಳೆಯ ಮೂಲೆಯಲ್ಲಿ ಪ್ರಮಾಣ ಬರೆಯುವುದಕ್ಕೆ ಇದು ಸಮಾನ.

2. ಎರಡು ಅಕ್ಷಗಳೂ ಒಂದೇ ಮಾನದಲ್ಲಿದ್ದರೆ ಸಮಾನ ಅನುಪಾತವನ್ನು ಕಡ್ಡಾಯ ಮಾಡಿ.

3. ಹೋಲಿಕೆಗಾಗಿ ಇರುವ ಆಲೇಖದಲ್ಲಿ ಅಕ್ಷದ ವ್ಯಾಪ್ತಿಯನ್ನು ಅಂಕಿಯಲ್ಲಿ ಕೊಡಿ.

4. ಮಾನಗಳು ಬೇರೆಯಾಗಿದ್ದರೆ ಒಂದರ ಮೇಲೊಂದು ಹೊದಿಸಬೇಡಿ; ಒಂದರ ಕೆಳಗೊಂದು ಇಟ್ಟು ಕಾಲದ ಅಕ್ಷವನ್ನು ಮಾತ್ರ ಹಂಚಿಕೊಳ್ಳಿ. ಸಂಬಂಧವನ್ನು ತೋರಿಸಬೇಕಿದ್ದರೆ ಒಂದನ್ನು ಅಡ್ಡಕ್ಕೂ ಇನ್ನೊಂದನ್ನು ಲಂಬಕ್ಕೂ ಇಟ್ಟು ಬಿಂದುಗಳ ಆಲೇಖ ಎಳೆಯಿರಿ.

5. ಹೊದಿಸಿದ ಹಿಸ್ಟೋಗ್ರಾಂಗಳಿಗೆ ಒಂದೇ ಅಗಲದ ಭಾಗಗಳನ್ನು ಬಳಸಿ.

6. ಪ್ರಕಟಿಸುವ ಮೊದಲು ಅತಿ ಚಿಕ್ಕ ಮತ್ತು ಅತಿ ಅಗಲದ ಪರದೆಗಳಲ್ಲಿ ತೆರೆದು, ನೀವು ಬರೆದ ವಾಕ್ಯ ಎರಡರಲ್ಲೂ ಕಾಣುತ್ತದೆಯೇ ಎಂದು ನೋಡಿ.

ಒಂದೇ ಸರಿಯಾದ ಆಕಾರ ಎಂಬುದಿಲ್ಲ ಎಂದು ಇಲ್ಲಿ ಆಕ್ಷೇಪಿಸಬಹುದು. ಅದು ನಿಜ. ಸೌರಕಲೆಗಳ ದತ್ತಾಂಶದಲ್ಲಿ 11 ವರ್ಷಗಳ ಚಕ್ರವೂ ಇದೆ, ಶತಮಾನದುದ್ದದ ಏರಿಳಿತವೂ ಇದೆ. ಮೊದಲನೆಯದಕ್ಕೆ ಚಪ್ಪಟೆ ಪಟ್ಟಿ ಬೇಕು, ಎರಡನೆಯದಕ್ಕೆ ಎತ್ತರದ ಚೌಕಟ್ಟು. ಜೆಫ್ರಿ ಹೀರ್ ಮತ್ತು ಮನೀಶ್ ಅಗ್ರವಾಲ 2006ರಲ್ಲಿ ಇದನ್ನೇ ಎತ್ತಿಹಿಡಿದು, ಒಂದೇ ದತ್ತಾಂಶಕ್ಕೆ ಹಲವು ಆಕಾರಗಳನ್ನು ಲೆಕ್ಕಹಾಕುವ ವಿಧಾನ ಸೂಚಿಸಿದರು. ಆದರೆ ಹಲವು ಆಕಾರಗಳು ಸರಿ ಎಂಬುದರಿಂದ ಯಾವ ಆಕಾರವೂ ಸರಿ ಎಂದಾಗುವುದಿಲ್ಲ. ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದನ್ನು ಮೊದಲು ತಿಳಿದು, ಅದಕ್ಕೆ ತಕ್ಕ ಆಕಾರವನ್ನು ಆರಿಸಬೇಕು. ಆ ಪ್ರಶ್ನೆ ಕಿಟಕಿಗೆ ತಿಳಿದಿರುವುದಿಲ್ಲ. ಆಲೇಖ ಎಳೆಯುವವರಿಗೆ ತಿಳಿದಿರಬೇಕು.